ಗ್ರೀಸಿನವನ ಮುದುಕಿ

20-11-2006, ಸೋಮವಾರ

ಎಡಗಣ್ಣಿಗೆ ಮದ್ದು ಬಿಟ್ಟಾಯಿತು. ಕಾಫಿ ಎಂದಿನಂತೆ ಅರ್ಧ ಹೊಟ್ಟೆಗೆ, ಅರ್ಧ ಟವೆಲ್ಲಿಗೆ. ವಾತ ಬಡಿದು ಮುಖದ ಎಡಭಾಗ ಬಿದ್ದು ಮೂರು ವರ್ಷ. ಇನ್ನು ಸರಿಯಾಗುವುದಿಲ್ಲ ಎಂದು ಡಾಕ್ಟರೂ ಹೇಳಿಯಾಗಿದೆ. ಮಾತಾಡಿದರೆ ಜೊಲ್ಲು ಸುರಿಯುತ್ತದೆ, ಬರೆದರೆ ಸುರಿಯುವುದಿಲ್ಲ. ಅದಕ್ಕೇ ಈ ಡೈರಿ. ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವನ ಅಕ್ಷರ. ನಾನೊಬ್ಬ ಓದಿದರೆ ಸಾಕು.

ಹತ್ತು ಗಂಟೆಗೆ ಹೈಸ್ಕೂಲಿನ ಟೀಚರ್ ಜ್ಯೋತ್ಸ್ನಾ ಬಂದಳು. ಕೊಪ್ಪದಲ್ಲಿ ನಾಟಕದ ತಂಡ ಕಟ್ಟಿದ್ದಾಳೆ. ಮುದುಕಿಯ ಪಾರ್ಟು ಇದೆ, ನೀವೇ ಮಾಡಬೇಕು ಅಂದಳು.

"ಈ ಮೋರೆ ಇಟ್ಕೊಂಡಾ?"

"ಮುಖವಾಡ ಇರ್ತದೆ ವಾಸಪ್ಪನೋರೆ. ಇದು ಹೊರದೇಶದ ಹಳೇ ನಾಟಕ, ಅಲ್ಲಿ ಎಲ್ಲರೂ ಮುಖವಾಡ ಹಾಕ್ಕೊಂಡೇ ಆಡ್ತಿದ್ರಂತೆ. ಹೆಂಗಸರ ಪಾರ್ಟೂ ಗಂಡಸರೇ ಮಾಡ್ತಿದ್ದಿದ್ದು, ನಿಮ್ಮ ಹಾಗೇ."

"ಮುಖವಾಡ ಹಾಕೋಕೆ ನಾನೇ ಬೇಕಾ? ಗದ್ದೆಯ ಬೆದರುಬೊಂಬೆ ತಂದು ನಿಲ್ಸಿ."

ಹೋದಳು. ಬಾಗಿಲು ಜೋರಾಗಿಯೇ ಹಾಕಿದೆ.

21-11

ನಿದ್ದೆ ಇಲ್ಲ. ನಲವತ್ತು ವರ್ಷ ಯಕ್ಷಗಾನ ಮೇಳದಲ್ಲಿ ಸ್ತ್ರೀವೇಷ ಮಾಡಿದವ ನಾನು. ಕಡೆಯ ಆಟ ಕಿಗ್ಗದಲ್ಲಿ. ಮುಖ ಬಿದ್ದ ಮೇಲೂ ಹಟ ಹಿಡಿದು ರಂಗಕ್ಕೆ ಹೋದೆ. ಅರ್ಧ ಮುಖ ಅಳುತ್ತಿತ್ತು, ಅರ್ಧ ಸುಮ್ಮನಿತ್ತು. ಜನ ನಕ್ಕರು. ಆಮೇಲೆ ಯಾರೆದುರೂ ಹೆಂಗಸಾಗಿ ನಿಂತಿಲ್ಲ.

ಇನ್ನೊಂದು ಸಲ ನಿಲ್ಲಬೇಕು. ಒಂದೇ ಸಲ, ಯಾರೂ ನಗದ ಹಾಗೆ... ಕೇಳಿಕೊಂಡು ಬಂದವಳನ್ನು ಬೈದು ಕಳಿಸಿದ್ದೂ ಆಯಿತು.

24-11, ಶುಕ್ರವಾರ

ನಾನೇ ಶಾಲೆಗೆ ಹೋದೆ. ಟೀಚರ್ ಏನೂ ಕೇಳದೆ ಕುರ್ಚಿ ಎಳೆದುಕೊಟ್ಟಳು.

ನಾಟಕ ಬರೆದವನು ಗ್ರೀಸ್ ದೇಶದವ. ಎರಡು ಸಾವಿರದ ನಾನೂರು ವರ್ಷದ ಹಿಂದಿನವನಂತೆ. ಹೆಸರು ನಾಲ್ಕು ಸಲ ಹೇಳಿಕೊಟ್ಟಳು. ನಡುವೆಯೇ ತುಟಿ ಕೂಡಿಸುವ ಅಕ್ಷರ, ನನ್ನ ತುಟಿ ಕೂಡುವುದಿಲ್ಲ. ಬಿಟ್ಟುಬಿಟ್ಟೆ. ಗ್ರೀಸಿನವ ಅಂದರೆ ಸಾಕು.

ಯುದ್ಧ ಗೆದ್ದವರ ಕಥೆಯಲ್ಲ, ಸೋತ ಊರಿನ ಹೆಂಗಸರದ್ದು. ಗಂಡಸರೆಲ್ಲ ಸತ್ತಿದ್ದಾರೆ. ಮುದಿ ರಾಣಿ ನೆಲದ ಮೇಲೆ ಬಿದ್ದಿದ್ದಾಳೆ. ಗಂಡ ಹೋದ, ಮಗ ಹೋದ. ಕಡೆಗೆ ಮೊಮ್ಮಗನನ್ನೂ ಕೋಟೆಯ ಮೇಲಿಂದ ಎಸೆಯುತ್ತಾರೆ. ನಮ್ಮ ಆಟದಲ್ಲಾದರೆ ದೇವರು ಬಂದು ಎಬ್ಬಿಸುತ್ತಿದ್ದ. ಇಲ್ಲಿ ಯಾರೂ ಬರುವುದಿಲ್ಲ. ಇದನ್ನು ಗೆದ್ದವರ ಕಡೆಯವರ ಎದುರಿಗೇ ಆಡಿಸಿದನಂತೆ ಆಸಾಮಿ.

"ಬಹುಮಾನ ಬಂತಾ?"

"ಮೊದಲ್ನೇದು ಬರ್ಲಿಲ್ಲ."

"ಮತ್ತೆ? ಎದುರಿಗೇ ನಿಂತು ಬೈದ್ರೆ ಹಾರ ಹಾಕ್ತಾರಾ?"

ಟೀಚರ್ ನಕ್ಕಳು. ನಾನು ನಗಲಿಲ್ಲ. ನಕ್ಕರೆ ಇನ್ನೂ ಸೊಟ್ಟ.

2-12

ಮುಖವಾಡ ಬಂತು. ಕಾಗದ ಅರೆದು ಅಂಟು ಹಾಕಿ ಮಾಡಿದ್ದು. ಹಾಕಿಕೊಂಡು ಮಾತಾಡಿದರೆ ಹಂಡೆಯೊಳಗೆ ತಲೆ ಇಟ್ಟ ಹಾಗೆ. ನನ್ನ ಮಾತು ನನಗೇ ತಿರುಗಿ ಬರುತ್ತದೆ. ಮೂಗಿನ ಕೆಳಗೆ ಕತ್ತರಿಸಿ ಅಂದೆ.

"ಬಾಯಿ ಕಾಣ್ತದಲ್ಲ," ಅಂದಳು ಟೀಚರ್, ನೆಲ ನೋಡಿಕೊಂಡು.

"ಕಾಣ್ಲಿ. ಮಾತು ಕೇಳ್ಬೇಕಲ್ಲ!"

ಕತ್ತರಿಸಿದರು. ಈಗ ಧ್ವನಿ ಹೊರಗೆ ಬರುತ್ತದೆ. ಬಾಯಿಯೂ ಕಾಣುತ್ತದೆ. ಮನೆಗೆ ಬಂದು ಊಟ ಬೇಡ ಅಂದೆ. ಸುಸ್ತು.

5-12

ಮಂಡಿ ನೋವು. ಮುದಿ ರಾಣಿ ನೆಲ ಬಿಟ್ಟು ಏಳುವುದೇ ಇಲ್ಲ. ಕೈ ಬೀಸಿ ಮಾತಾಡಿದೆ. "ಬೇಡ, ಕುತ್ತಿಗೆ ಮಾತ್ರ ನಿಧಾನ ತಿರುಗಿಸಿ, ಮುಖವಾಡವೇ ಅಳ್ತದೆ" ಅಂದಳು ಟೀಚರ್. ನನಗೆ ಹೇಳಿಕೊಡಲು ಬಂದಳು ಅಂತ ಸಿಟ್ಟು ಬಂತು. ಮನೆಯಲ್ಲಿ ಕನ್ನಡಿ ಎದುರು ಮಾಡಿ ನೋಡಿದೆ. ಅವಳು ಹೇಳಿದ್ದು ಸರಿ. ಹೇಳಲು ಹೋಗಲಿಲ್ಲ.

9-12, ಶನಿವಾರ

ಬಸ್‌ಸ್ಟ್ಯಾಂಡಿನಲ್ಲಿ ಮಂಜಪ್ಪ ಸಿಕ್ಕಿದ. ನಮ್ಮ ಮೇಳದಲ್ಲಿ ಮದ್ದಲೆ ಬಾರಿಸುತ್ತಿದ್ದವ.

"ಎಂತ ವಾಸಪ್ಪಣ್ಣ, ಗ್ರೀಸ್ ನಾಟಕ ಅಂತೆ? ಗ್ರೀಸು ಲಾರಿಗೆ ಹಾಕೋದಲ್ವ ಮಾರಾಯ?"

"ನಿನ್ನ ಕೈಗೆ ಹಾಕು. ತಾಳ ತಪ್ಪೋದು ನಿಲ್ತದೆ."

ನಕ್ಕ. ಬಸ್ಸು ಹತ್ತುವಾಗ ತಿರುಗಿ ಹೇಳಿದ: "ಜನ ನಗ್ತಾರೆ. ಹೋಗ್ಬೇಡ." ಅದು ತಮಾಷೆಯಲ್ಲ.

16-12

ಇವತ್ತು ಟೀಚರ್ ಹೊಸ ಹಾಳೆ ತಂದಳು. ನನ್ನ ಮಾತುಗಳಿಂದ ತುಟಿ ಕೂಡುವ ಅಕ್ಷರವನ್ನೆಲ್ಲ ತೆಗೆದುಹಾಕಿದ್ದಾಳೆ! ಪ ಇಲ್ಲ, ಬ ಇಲ್ಲ, ಮ ಇಲ್ಲ. "ನನ್ನ ಮಗನ ಮಗ" ಅಂತಿದ್ದದ್ದು "ನನ್ನ ಕಂದನ ಕಂದ" ಆಗಿದೆ. ಎಷ್ಟು ದಿನ ಕೂತು ಮಾಡಿದಳೋ. ಓದಿದೆ. ನೀರು ಹರಿದ ಹಾಗೆ ಬಂತು. ಮೂರು ವರ್ಷದಲ್ಲಿ ಇಷ್ಟು ಸಲೀಸಾಗಿ ಮಾತಾಡಿದ್ದೇ ಇಲ್ಲ.

ಆಮೇಲೆ ಹಾಳೆ ಎಸೆದೆ.

"ಯಾವ ಮುದುಕಿ ಕಂದಾ ಕಂದಾ ಅಂತ ಅಳ್ತಾಳೆ ಮೇಡಂ? ಮಗಾ ಅಂತಲೇ ಅಳೋದು."

"ನೀವು 'ಮಗಾ' ಅಂದ್ರೆ 'ವಗಾ' ಅಂತ ಕೇಳ್ತದೆ ವಾಸಪ್ಪನೋರೆ."

ಇಷ್ಟು ನೇರವಾಗಿ ಈ ತನಕ ಯಾರೂ ಹೇಳಿರಲಿಲ್ಲ. ಎದ್ದು ಬಂದೆ.

27-12

ಹತ್ತು ದಿನ ಹೋಗಲಿಲ್ಲ. ಇವತ್ತು ಅವಳೇ ಬಂದಳು. ಜಗಲಿಯಲ್ಲಿ ಕೂತು ಗ್ರೀಸಿನವನ ಕಥೆ ಹೇಳಿದಳು. ಅವನ ಊರಿನವರು ಯಾವುದೋ ಯುದ್ಧದಲ್ಲಿ ಸೋತು ಸೆರೆ ಸಿಕ್ಕರಂತೆ. ಕಲ್ಲುಕ್ವಾರಿಯಲ್ಲಿ ಕೂಡಿಹಾಕಿದರಂತೆ. ಇವನ ನಾಟಕದ ಪದ ಬಾಯಿಪಾಠ ಬರುವವರಿಗೆ ಮಾತ್ರ ಅಲ್ಲಿಯವರು ಊಟ, ನೀರು ಕೊಟ್ಟು, ಕೆಲವರನ್ನು ಬಿಟ್ಟೂ ಬಿಟ್ಟರಂತೆ. ಅಷ್ಟು ಹುಚ್ಚು ಅವರಿಗೆ.

ಪದ ಹೇಳಿ ಗಂಜಿ ಕುಡಿಯುವುದು. ನಾನು ಮಾಡಿದ್ದೂ ಅದನ್ನೇ.

"ಅವನಿಗೆ ಮಗ ಸತ್ತಿದ್ನಾ?" ಕೇಳಿದೆ.

"ಗೊತ್ತಿಲ್ಲ," ಅಂದಳು.

ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಅಂದಳು. ನಾಳೆ ಬರುತ್ತೇನೆ ಅಂದೆ.

4-1-2007

"ಮಗಾ"... ಕನ್ನಡಿ ಎದುರು ನೂರು ಸಲ. ತುಟಿಯ ಎಡಮೂಲೆಯಿಂದ ಗಾಳಿ ಸೋರುತ್ತದೆ. ಬೆರಳಿನಿಂದ ಒತ್ತಿ ಹಿಡಿದರೆ ಸರಿಯಾಗಿ ಬರುತ್ತದೆ. ಆದರೆ ರಂಗದ ಮೇಲೆ ಬಾಯಿಗೆ ಬೆರಳು ಇಟ್ಟುಕೊಂಡು ನಿಲ್ಲುವುದೆ?

ಜಲಜ ಅಡುಗೆ ಕೋಣೆಯ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು.

"ನಲವತ್ತು ವರ್ಷ ಹೆಂಗಸಾಗಿ ಕುಣಿದ್ರಿ. ಹೆಂಡತಿ ಅಳೋದು ಒಂದಿನ ನೋಡ್ಲಿಲ್ಲ."

"ಎಂತದೇ ಅದು?"

"ಯಾರು ಬಾಯಿ ತೆರ್ಕೊಂಡು ಅಳ್ತಾರೆ? ಸೆರಗು ಅಂತ ಒಂದಿದೆ."

ತಾನೇ ಸೆರಗು ಮುದ್ದೆ ಮಾಡಿ ಬಾಯಿಯ ಮೂಲೆಗೆ ಒತ್ತಿ ತೋರಿಸಿದಳು. ಹಾಗೇ ಮಾಡಿದೆ. ಬಟ್ಟೆಯ ಒಳಗೆ ಬೆರಳು, ಬೆರಳಿನ ಕೆಳಗೆ ತುಟಿ.

"ಮಗಾ."

ಬಂತು. ಜಲಜ ಒಳಗೆ ಹೋದಳು. ತುಂಬ ಹೊತ್ತು ಪಾತ್ರೆ ಸದ್ದು ಇರಲಿಲ್ಲ.

19-1, ಶುಕ್ರವಾರ

ನಾಳೆ ನರಸಿಂಹರಾಜಪುರದಲ್ಲಿ ಆಟ. ಆಟ ಅಲ್ಲ, ಶೋ ಅನ್ನಬೇಕಂತೆ. ಮಧ್ಯಾಹ್ನ ಮೂರಕ್ಕೆ. ಸೋತ ಊರಿನ ಉಳಿದ ಹೆಂಗಸರು ಅಂಗನವಾಡಿ ಟೀಚರುಗಳು. ಎಲ್ಲರಿಗೂ ನಡುಕ. ನನಗೆ ಬರೀ ದಣಿವು. ಜನ ನಕ್ಕರೆ ಇದೇ ಕಡೆ. ಜಲಜ ತನ್ನ ಹಳೆ ನೂಲಿನ ಸೀರೆ ಒಗೆದು ಕೊಟ್ಟಿದ್ದಾಳೆ.

21-1, ಭಾನುವಾರ. ಬೆಳಿಗ್ಗೆ

ನಿನ್ನೆ ಬರೆಯಲಾಗಲಿಲ್ಲ.

ಹಾಲ್ ಮುಕ್ಕಾಲು ತುಂಬಿತ್ತು. ನೆಲದ ಮೇಲೆ ಮಲಗಿಯೇ ಶುರು. ತಲೆ ಎತ್ತಿದಾಗ ಹಿಂದಿನ ಸಾಲಿನ ಕಾಲೇಜು ಹುಡುಗರು ಕಿಸಕ್ಕೆಂದರು. ಕಿಗ್ಗ ನೆನಪಾಯಿತು. ಎದ್ದು ಹೋಗಿ ಕೆನ್ನೆಗೆ ಬಾರಿಸುವಷ್ಟು ಸಿಟ್ಟು. ಆದರೆ ರಾಣಿ ಏಳುವ ಹಾಗಿಲ್ಲ. ಕುತ್ತಿಗೆ ಮಾತ್ರ ತಿರುಗಿಸಿದೆ, ನಿಧಾನ, ಅವರ ಕಡೆಗೇ. ನಿಲ್ಲಿಸಿದರು.

ಮೊಮ್ಮಗನ ಹೆಣ ತಂದು ಮುಂದಿಟ್ಟರು. ಬಟ್ಟೆಯ ಗಂಟು ಅಷ್ಟೇ. ಸೆರಗು ಬಾಯಿಗೆ ಒತ್ತಿಕೊಂಡೆ. "ಮಗಾ" ಅಂದೆ. ಮತ್ತೆ ಅಂದೆ. ಮುಂದಿನ ಮಾತು ಮರೆತೇ ಹೋಯಿತು. ಅದೊಂದನ್ನೇ ಹೇಳುತ್ತಿದ್ದೆ.

ಆಗ ಮುಂದಿನ ಸಾಲಿನಲ್ಲಿ ಒಬ್ಬ ಮುದುಕಿ ಎದ್ದು ನಿಂತಳು.

"ಅಳ್ಬೇಡ ಮಾರಾಯ್ತಿ. ಸಾಕು. ಒಂಚೂರು ನೀರು ಕುಡಿ."

ಬಾಟಲಿ ಹಿಡಿದುಕೊಂಡು ರಂಗದ ಹತ್ತಿರವೇ ಬಂದಳು. ಪಕ್ಕದವರು ಎಳೆದು ಕೂರಿಸಿದರು. ಯಾರೂ ನಗಲಿಲ್ಲ.

ಮುಗಿದ ಮೇಲೆ ಒಳಗೆ ಅಂಗಿ, ಪಂಚೆ ಹಾಕಿಕೊಂಡು ಸೀರೆ ಮಡಿಸುತ್ತಿದ್ದೆ. ಅದೇ ಮುದುಕಿ ಹುಡುಕಿಕೊಂಡು ಬಂದಳು.

"ಆ ಅಮ್ಮ ಎಲ್ಲಿ ಹೋದ್ರು?"

ಎದುರಿಗೇ ನಿಂತಿದ್ದೆ. ನನ್ನ ಮುಖವನ್ನು ಪೂರ್ತಿ ನೋಡಿದಳು, ಸೊಟ್ಟ ಬಾಯಿ ಸಮೇತ. ಗುರುತು ಹತ್ತಲಿಲ್ಲ.

"ಈಗ ಹೋದ್ರು," ಅಂದೆ.

"ಅಯ್ಯೋ... ಅವರಿಗೆ ಯಾರಾದ್ರೂ ಇದ್ದಾರಾ ಮನೇಲಿ?"

"ಇದ್ದಾರೆ."

ಅವಳಿಗೆ ಸಮಾಧಾನವಾದ ಹಾಗೆ ಕಾಣಲಿಲ್ಲ. ಬಾಗಿಲ ಕಡೆ ಬೇಗ ಬೇಗ ಹೋದಳು, ಬಾಟಲಿ ಕೈಯಲ್ಲೇ ಇತ್ತು. ಕರೆಯೋಣ ಅಂತ ಬಾಯಿ ತೆರೆದೆ. ಅಷ್ಟರಲ್ಲಿ ಅವಳು ಆ ಅಮ್ಮನನ್ನು ಹುಡುಕಿಕೊಂಡು ಬಾಗಿಲು ದಾಟಿಯಾಗಿತ್ತು.