ಹಂಚಿದ ಗುಳಿಗೆ

ಇಂಗಳೇಶ್ವರ, ೧೯೭೬

ರೇವವ್ವ ಅತ್ತೆ,

ಕುಂಟ ಒಂಟೆಯ ಕಥೆಯನ್ನು ನೀನು ನನಗೆ ಮೊದಲು ಹೇಳಿದ್ದು ೧೯೫೧ರ ಸುಗ್ಗಿಯಲ್ಲಿ. ಮೊನ್ನೆ ಕಟ್ಟೆಯ ಮೇಲೆ ಅದನ್ನೇ ಹೇಳುತ್ತಿದ್ದಾಗ, ವಾಸಿಯಾಗಿದ್ದ ಗಂಟಲು ಮತ್ತೆ ಕಟ್ಟಿ ಕಥೆ ಅರ್ಧಕ್ಕೆ ನಿಂತಿತು. ನಾಲ್ಕು ದಿನಕ್ಕೆ ನೋವು ಹೋಯಿತೆಂದು, ಡಾಕ್ಟರು ಹತ್ತು ದಿನಕ್ಕೆಂದು ಕೊಟ್ಟಿದ್ದ ಗುಳಿಗೆಗಳಲ್ಲಿ ಉಳಿದವನ್ನು ಕೆಮ್ಮುವವರಿಗೆಲ್ಲ ಹಂಚಿಬಿಟ್ಟಿದ್ದೆ.

ನಿನ್ನೆ ಬಾಗೇವಾಡಿಯ ಡಾಕ್ಟರು ಬೈದರು: "ಗುಳಿಗಿ ಅಂದ್ರ ಪ್ರಸಾದ ಏನೋ, ಹಂಚಾಕ? ಈ ಸಲ ಹತ್ತೂ ದಿನ ನುಂಗು. ಇಲ್ಲಂದ್ರ ದನಿ ಹೋಗ್ತೈತಿ."

ಸಂಜೆ ಕಟ್ಟೆಯಲ್ಲಿ, ದಿನಾ ನನ್ನ ಕಥೆ ಕೇಳುವವರಲ್ಲೊಬ್ಬನಾದ ಮಶಾಕಸಾಬ, "ನೀ ಬರೇ ಹೂಂ ಅನ್ನು, ನಾವ ಹೇಳ್ತೇವಿ" ಅಂದ. ಒಬ್ಬರಾದ ಮೇಲೊಬ್ಬರು ಹೇಳಿ ಕಥೆ ಮುಗಿಸಿದರು. ನಿನ್ನ ಮಾತು ಒಂದೂ ತಪ್ಪಲಿಲ್ಲ. ಹಾಸಿಗೆ ಹಿಡಿದ ನೀನು ಇದೇ ಕಥೆ ಹೇಳೆಂದಾಗ, ನಾನು ನಾಳೆ ಅಂದಿದ್ದೆ; ಆ ನಾಳೆಗೆ ನೀನಿರಲಿಲ್ಲ.

ಇಂದು ಬೆಳಿಗ್ಗೆ ಅವರೆಲ್ಲ ಮನೆಗೆ ಬಂದರು. ನನಗೆ ಗುಳಿಗೆ ನುಂಗಿಸಿ, ಬಾಯಿ ತೆಗೆಸಿ ನೋಡಿ, ಆಮೇಲೆ ಹೊಲಕ್ಕೆ ಹೋದರು.