ಗದ್ದಲದೊಳಗಿನ ನಿನ್ನ ‘ಹೌದು’

ಶನಿವಾರ, ಮಧ್ಯಾಹ್ನ

ಮಾನ್ಯ ಶಾಸಕರಾದ ನನ್ನ ತಮ್ಮನಿಗೆ,

ಅಕ್ಕನ ಆಶೀರ್ವಾದಗಳು. ಆಶೀರ್ವಾದ ಅಭ್ಯಾಸಬಲದಿಂದ ಬಂದದ್ದು, ‘ಮಾನ್ಯ’ ಸಿಟ್ಟಿನಿಂದ ಬಂದದ್ದು. ಎರಡನ್ನೂ ಇಟ್ಟುಕೋ.

ನಾನು ಸುಖವಾಗಿ ಊರು ತಲುಪಿದೆ. ನೀನು ಫೋನ್ ಮಾಡಿದಾಗಲೆಲ್ಲ ಮಲಗಿದ್ದಾಳೆ ಎಂದು ಮಗಳ ಕೈಲಿ ಹೇಳಿಸಿದೆ. ಮಲಗಿರಲಿಲ್ಲ, ಹೊಲಿಗೆ ಯಂತ್ರದ ಮುಂದೆ ಕೂತಿದ್ದೆ. ಫೋನಿನಲ್ಲಿ ನಿನ್ನ ಜೊತೆ ಜಗಳ ಆಡಲು ಆಗುವುದಿಲ್ಲ. ನಾನು ಒಂದು ಮಾತು ಶುರು ಮಾಡಿದರೆ ‘ಅಕ್ಕ, ಸ್ವಲ್ಪ ಕೇಳಿಲ್ಲಿ’ ಎಂದು ನೀನು ಒಂಬತ್ತು ಮಾತು ಸುರಿಯುತ್ತೀಯ. ಪತ್ರದಲ್ಲಾದರೆ ನೀನು ಮಧ್ಯೆ ಬಾಯಿ ಹಾಕುವಂತಿಲ್ಲ. ಕೂತು ಓದು.

ವಾರಪೂರ್ತಿ ಬಂದಿರು, ಅಧಿವೇಶನ ಹೇಗೆ ನಡೆಯುತ್ತದೆ ನೋಡು ಎಂದು ಕರೆದವನು ನೀನು. ನಾನೂ ಅಂಗಡಿಗೆ ಬಾಗಿಲು ಹಾಕಿ, ಶಾಲೆಯವರ ಸಮವಸ್ತ್ರದ ಕೆಲಸವನ್ನು ಪಕ್ಕದ ಬೀದಿಯವಳಿಗೆ ಒಪ್ಪಿಸಿ, ಇದ್ದುದರಲ್ಲಿ ಒಳ್ಳೆಯ ಸೀರೆಗಳನ್ನು ಮಡಿಸಿಕೊಂಡು ಬಂದೆ. ಶಾಸಕರ ವಸತಿಗೃಹದಲ್ಲಿ ನಿನ್ನ ಕೋಣೆ ಚೆನ್ನಾಗಿತ್ತು. ಊಟ, ತಿಂಡಿ, ಓಡಾಡಲು ಕಾರು, ಯಾವುದಕ್ಕೂ ಕೊರತೆ ಮಾಡಲಿಲ್ಲ. ಅದನ್ನು ಇಲ್ಲ ಎನ್ನಲಾರೆ.

ಸೋಮವಾರ ನಿಮ್ಮ ಸದನ ಮೀನು ಹಿಡಿಯಿತು. ರಾಜ್ಯಕ್ಕೊಂದು ಹಕ್ಕಿ ಇದೆ, ಹೂವಿದೆ, ಮರವಿದೆ, ಮೀನು ಇಲ್ಲವಲ್ಲ ಎಂಬ ಚಿಂತೆ. ನದಿಯ ಮೀನೋ ಕೆರೆಯ ಮೀನೋ ಎಂದು ಊಟದ ಹೊತ್ತಿನ ತನಕ ಕಿತ್ತಾಡಿದಿರಿ. ಕಡಲ ಕಡೆಯವರೊಬ್ಬರು ನಮ್ಮ ಮೀನಿಗೆ ಅವಮಾನವಾಗಿದೆ ಎಂದು ಸಭಾತ್ಯಾಗವನ್ನೇ ಮಾಡಿದರು. ಮೀಸೆಯುಳ್ಳ ಮೀನಾದರೆ ಗಾಂಭೀರ್ಯ ಇರುತ್ತದೆ ಎಂದು ನೀನೂ ಎದ್ದು ನಿಂತು ಹೇಳಿದೆ. ಗ್ಯಾಲರಿಯಲ್ಲಿ ಕೂತು ನಾನು ಸೆರಗು ಬಾಯಿಗಿಟ್ಟುಕೊಂಡು ನಕ್ಕೆ. ಆಗ ನಗು ಬಂತು ಕಣೋ. ಆ ಮೀನಿಗೆ ಅಂದು ಸಂಜೆಯೊಳಗೆ ಒಂದು ಕಾನೂನಾಯಿತು. ಅದನ್ನು ನೆನೆದರೆ ಈಗ ಮೈ ಉರಿಯುತ್ತದೆ.

ಮಂಗಳವಾರ ಪೂರ್ತಿ ಗೌರವ ಸಲ್ಲಿಸುವ ದಿನ. ಈಜುವ ಹುಡುಗಿ, ನೂರು ತುಂಬಿದ ಮೇಷ್ಟ್ರು, ಕಳ್ಳನನ್ನು ಹಿಡಿದ ಪೊಲೀಸ್ ನಾಯಿ. ಒಬ್ಬೊಬ್ಬರ ಹೆಸರು ಕರೆದಾಗಲೂ ಅವರು ಗ್ಯಾಲರಿಯಲ್ಲಿ ಎದ್ದು ನಿಲ್ಲಬೇಕು, ಮಾತಾಡಬಾರದು, ಕೈ ಬೀಸಬಾರದು. ಕೆಳಗೆ ನೀವೆಲ್ಲ ಮೇಜು ಬಡಿಯಬೇಕು. ನಾಯಿ ಮಾತ್ರ ನಿಯಮ ಮುರಿದು ಎರಡು ಸಲ ಬೊಗಳಿತು. ಸಭಾಧ್ಯಕ್ಷರು ಅದನ್ನು ಕಡತದಿಂದ ತೆಗೆಸಿದರೋ ಇಲ್ಲವೋ ತಿಳಿಯದು.

ಬುಧವಾರ ನಮ್ಮ ಸರದಿ. ಕೆಲಸದ ಮೇಲಿದ್ದಾಗ ತೀರಿಹೋದ ಲೈನ್‌ಮನ್‌ಗಳ ಮನೆಯವರಿಗೆ ಸದನದ ಗೌರವ. ಬೆಳಗ್ಗೆ ಗೌರವ, ಮಧ್ಯಾಹ್ನ ಮಸೂದೆ, ಎರಡೂ ಒಂದೇ ದಿನ ಬರುವ ಹಾಗೆ ನಾನೇ ಮಾಡಿಸಿದ್ದೇನೆ ಎಂದು ಎದೆ ತಟ್ಟಿಕೊಂಡಿದ್ದೆ ನೀನು.

ಆ ಮಸೂದೆ ಯಾಕೆ ಬೇಕಿತ್ತು ಎಂದು ನಿನಗೆ ಗೊತ್ತಿದೆ. ಮರೆತವರಿಗೆ ಇನ್ನೊಮ್ಮೆ ಹೇಳಬೇಕಾಗುತ್ತದೆ, ಅದಕ್ಕೆ ಬರೆಯುತ್ತೇನೆ. ನಿನ್ನ ಭಾವ ಕಂಬ ಹತ್ತುವ ಮುಂಚೆ ಬೀದಿಯ ಪೆಟ್ಟಿಗೆಯ ಫ್ಯೂಸ್ ಕಿತ್ತು ಜೇಬಿಗೆ ಹಾಕಿಕೊಳ್ಳುತ್ತಿದ್ದರು. ಲೈನ್‌ಮನ್‌ಗಳೆಲ್ಲ ಮಾಡುವುದೇ ಹಾಗೆ. ಫ್ಯೂಸ್ ತನ್ನ ಮೈಮೇಲಿರುವ ತನಕ ತಂತಿಗೆ ಕರೆಂಟು ಬರುವುದಿಲ್ಲ ಎಂಬ ಧೈರ್ಯ. ಅದಕ್ಕೆಂದೇ ಅವರ ಅಂಗಿಗಳಿಗೆಲ್ಲ ಎಡಗಡೆ ಒಳಗೆ ದಪ್ಪ ಬಟ್ಟೆಯ ಜೇಬು ಹೊಲಿದು, ಗುಂಡಿ ಇಟ್ಟು ಕೊಡುತ್ತಿದ್ದೆ. ಆ ದಿನವೂ ಫ್ಯೂಸ್ ಜೇಬಿನಲ್ಲೇ ಇತ್ತು. ಅಂಗಿಯನ್ನು ನನ್ನ ಕೈಗೆ ಕೊಟ್ಟಾಗ ಆ ಗುಂಡಿ ಕೂಡ ಬಿಚ್ಚಿರಲಿಲ್ಲ. ಅವರು ಮೇಲಿದ್ದಾಗ ಅಂಗಡಿಯವರು ಕರೆಂಟಿಗಾಗಿ ಗಲಾಟೆ ಎಬ್ಬಿಸಿದರು, ಇನ್ನೊಂದು ತಂಡದವನು ಅವಸರದಲ್ಲಿ ಬಂದ, ತಲೆ ಎತ್ತಿ ನೋಡದೆ ಫ್ಯೂಸಿನ ಜಾಗಕ್ಕೆ ಒಂದು ತುಂಡು ತಂತಿ ಸುತ್ತಿದ. ಅಷ್ಟೇ ಸಾಕಾಯಿತು.

ಪೆಟ್ಟಿಗೆಗೊಂದು ಬೀಗ ಇದ್ದಿದ್ದರೆ ಅವನು ತಂತಿ ಸುತ್ತುವುದೆಲ್ಲಿ? ಹತ್ತುವವರದೇ ಬೀಗ, ಬೀಗದ ಕೈ ಅವರದೇ ಜೇಬಿನಲ್ಲಿ, ಅವರು ಇಳಿದು ಬಂದು ತೆಗೆಯುವ ತನಕ ಮಂತ್ರಿ ಬಂದರೂ ಪೆಟ್ಟಿಗೆ ಮುಟ್ಟುವಂತಿಲ್ಲ. ನಾವು ಕೇಳಿದ್ದು ಇಷ್ಟೇ. ಇದನ್ನು ಕಾನೂನು ಮಾಡಿಸುತ್ತೇನೆ ಎಂದು ನನ್ನ ಅಡುಗೆಮನೆಯಲ್ಲಿ ನೆಲದ ಮೇಲೆ ಕೂತು, ನನ್ನ ಕೈ ಹಿಡಿದು ಹೇಳಿದವನು ನೀನು. ನಿನ್ನ ಭಾವನ ಕೆಲಸ ಈಗ ನನ್ನ ಮಗಳದು. ಅವರ ಸಲಕರಣೆ ಚೀಲ ಅವಳ ಹೆಗಲ ಮೇಲಿದೆ, ಅದೇ ಅಳತೆಯ ಜೇಬನ್ನು ಅವಳ ಅಂಗಿಗಳಿಗೂ ಹೊಲಿದಿದ್ದೇನೆ. ಅವಳು ದಿನಾ ಬೆಳಗ್ಗೆ ಮನೆಯಿಂದ ಹೊರಡುವ ಮುಂಚೆ ಆ ಜೇಬಿನ ಗುಂಡಿಯನ್ನು ನಾನೇ ಎಳೆದು ನೋಡುತ್ತೇನೆ.

ಬುಧವಾರ ಬೆಳಗ್ಗೆ ನಮ್ಮನ್ನು ಎದ್ದು ನಿಲ್ಲಿಸಿದಿರಿ. ‘ಬೆಳಕು ಕೊಟ್ಟು ಕತ್ತಲಾದವರು’ ಎಂದು ಯಾರೋ ಬರೆದುಕೊಟ್ಟದ್ದನ್ನು ಮಂತ್ರಿಗಳು ಓದಿದರು. ನೀನು ಮೇಜು ಬಡಿದ ರಭಸಕ್ಕೆ ನಿನ್ನ ಎದುರಿದ್ದ ನೀರಿನ ಲೋಟ ಉರುಳಿತು. ನಾನೂ ಮನುಷ್ಯಳೇ, ಅತ್ತುಬಿಟ್ಟೆ. ಗಾಜು ಹಾಕಿದ ಗೌರವಪತ್ರ ಕೊಟ್ಟರು. ಊಟವಾದ ಮೇಲೆ ನಿನ್ನ ಸಹಾಯಕ ಬಂದು, ಗೌರವ ಪಡೆದವರೆಲ್ಲರಿಗೂ ಉದ್ಯಾನದಲ್ಲಿ ಫೋಟೊ ಇದೆ, ಸಾಹೇಬರು ಹೇಳಿ ಕಳಿಸಿದ್ದಾರೆ ಎಂದು ನಮ್ಮನ್ನೆಲ್ಲ ಇಳಿಸಿಕೊಂಡು ಹೋದ. ಮಸೂದೆ ಬರುವ ಹೊತ್ತಲ್ಲವೇ ಎಂದು ಕೇಳಿದೆ. ಇಲ್ಲಮ್ಮ, ಅದಿನ್ನೂ ತಡ, ಸಂಜೆ ಆಗುತ್ತದೆ ಎಂದ.

ಅಲ್ಲಿ ನಮ್ಮನ್ನು ಕುಳ್ಳರು ಮುಂದೆ, ಉದ್ದನೆಯವರು ಹಿಂದೆ ಎಂದು ಜೋಡಿಸಿದರು. ಗೌರವಪತ್ರ ಎದೆಗೆ ಹಿಡಿದುಕೊಳ್ಳಿ ಎಂದ ಫೋಟೊ ತೆಗೆಯುವವನು. ನೋಡಿದರೆ ನನ್ನ ಕೈ ಖಾಲಿ. ಅಳುವ ಭರದಲ್ಲಿ ಅದನ್ನು ಗ್ಯಾಲರಿಯ ಕುರ್ಚಿಯ ಕೆಳಗೇ ಬಿಟ್ಟು ಬಂದಿದ್ದೆ. ನನ್ನ ಮರೆಗುಳಿತನಕ್ಕೆ ನೀನು ಚಿಕ್ಕಂದಿನಿಂದ ನಗುತ್ತಿದ್ದೆಯಲ್ಲ, ಇನ್ನು ನಗಬೇಡ. ಅದನ್ನು ತರಲು ನಾನೊಬ್ಬಳೇ ವಾಪಸ್ ಹೋದೆ. ಬಾಗಿಲಿನ ಕಾವಲಿನವನು ಗುರುತು ಹಿಡಿದು, ಬೆಳಗ್ಗೆ ಚಪ್ಪಾಳೆ ಬಿದ್ದ ಅಮ್ಮ ಅಲ್ವಾ, ಹೋಗಿ ಹೋಗಿ ಎಂದು ಬಿಟ್ಟ.

ಹೌದಪ್ಪ, ನಾನು ಅಲ್ಲಿದ್ದೆ. ಹಿಂದಿನ ಸಾಲಿನಲ್ಲಿ, ಕಂಬದ ಮರೆಯಲ್ಲಿ ನಿಂತಿದ್ದೆ.

ಸಂಜೆಗೆ ಎಂದಿದ್ದ ಮಸೂದೆ ಆಗಲೇ ನಡೆಯುತ್ತಿತ್ತು, ಅದರಿಂದ ಬೀಗದ ಕಲಮನ್ನು ಕೈಬಿಡಬೇಕು ಎಂಬ ತಿದ್ದುಪಡಿ ಬಂದಿತ್ತು. ಬೀಗದ ಕೈ ಕಳೆದುಹೋದರೆ ಊರೆಲ್ಲ ಕತ್ತಲಾಗುತ್ತದಲ್ಲ, ಲೈನ್‌ಮನ್ ಹೆಂಡತಿ ಹತ್ತಿರ ಹುಡುಕಿಸಬೇಕಾ ಎಂದು ಮಂತ್ರಿಗಳು ಕೇಳಿದರು. ಸದನ ನಕ್ಕಿತು. ಬೆಳಗ್ಗೆ ನನಗಾಗಿ ಮೇಜು ಬಡಿದವರೇ ನಕ್ಕರು. ಆಮೇಲೆ ಸಭಾಧ್ಯಕ್ಷರು, ತಿದ್ದುಪಡಿಯ ಪರವಾಗಿರುವವರು ಹೌದು ಎನ್ನಿ ಎಂದರು. ದೊಡ್ಡ ಗದ್ದಲವೆದ್ದಿತು. ಧ್ವನಿಮತ ಎಂದರೆ ನಿಮಗೆ ಅನುಕೂಲ, ಯಾರು ಕೂಗಿದರು ಎಂದು ಎಲ್ಲೂ ಬರೆದಿಡುವುದಿಲ್ಲ.

ಆದರೆ ಆ ಗದ್ದಲದೊಳಗೆ ನಿನ್ನ ದನಿ ಕೇಳಿಸಿತು. ಎಷ್ಟು ಜನ ಕೂಗಿದರೇನು, ತೊಟ್ಟಿಲಿನಿಂದ ಕೇಳಿದ ದನಿ ನನಗೆ ತಪ್ಪುತ್ತದೆಯೇ? ಅದಕ್ಕಿಂತ ಹೆಚ್ಚಾಗಿ, ಅದು ಯಾವ ಹೌದು ಎಂದೂ ಗೊತ್ತಾಯಿತು. ನಿನ್ನ ನಿಜದ ಹೌದು ಗಿಡ್ಡ, ಸುಳ್ಳಿನ ಹೌದು ಉದ್ದ. ಹಲ್ಲುಜ್ಜಿದೆಯೇನೋ ಎಂದರೆ ಹೌದೂಊ. ಲೆಕ್ಕ ನೀನೇ ಮಾಡಿದ್ದಾ ಎಂದರೆ ಹೌದೂಊ. ಕೊನೆಗೆ ಬಾಲ ಎತ್ತಿದ ಹಾಗೆ ಒಂದು ಎಳೆತ. ಬುಧವಾರ ನಾನು ಕೇಳಿದ್ದು ಅದೇ ಬಾಲದ ಹೌದು. ಬೀಗ ಬೇಡ ಎಂದು ನೀನು ಮನಸಾರೆ ನಂಬಿದ್ದರೆ ನಾನು ನಿನ್ನ ಜೊತೆ ವಾದ ಮಾಡುತ್ತಿದ್ದೆ, ಸೋತರೂ ಸೋಲುತ್ತಿದ್ದೆ. ನೀನು ನಂಬಿರಲಿಲ್ಲ. ತಪ್ಪೆಂದು ಗೊತ್ತಿದ್ದೂ ಕೂಗಿದೆ. ನನಗೆ ಸಿಟ್ಟು ಬಂದದ್ದು ಅಲ್ಲಿ, ಇಂದಿಗೂ ಇಳಿದಿಲ್ಲ.

ಆ ರಾತ್ರಿ ಊಟಕ್ಕೆ ಕೂತಾಗ ನೀನೇನು ಹೇಳಿದೆ? ಅಕ್ಕ, ಆ ತಿದ್ದುಪಡಿ ಬೇಡ ಅಂತ ನಾನು ಎಷ್ಟು ಕೂಗಿಕೊಂಡೆ ಗೊತ್ತಾ, ನನ್ನೊಬ್ಬನ ಮಾತು ಯಾರು ಕೇಳ್ತಾರೆ ಎಂದೆ. ನನ್ನ ತಟ್ಟೆಗೆ ಪಲ್ಯ ಬಡಿಸುತ್ತಾ ಹೇಳಿದೆ. ನಿನ್ನ ಮುಖ ನೋಡಿದರೆ ಏನಾದರೂ ಅಂದುಬಿಡುತ್ತೇನೆಂದು ತಟ್ಟೆಯನ್ನೇ ನೋಡುತ್ತಾ ಉಂಡೆ.

ಗುರುವಾರ ಜ್ವರದ ನೆಪ ಹೇಳಿ ಕೋಣೆಯಲ್ಲೇ ಉಳಿದೆ. ಶುಕ್ರವಾರ ಬೆಳಗ್ಗೆ ಬಸ್ಸಿಗೆ ಹೊರಡುವ ಮುಂಚೆ ಪತ್ರಿಕೆ ನೋಡಿದೆ. ಬೀಗ ಬೇಕೋ ಬೇಡವೋ ಎಂದು ಅಧ್ಯಯನ ಮಾಡಲು ಸಮಿತಿಯಂತೆ, ಅದಕ್ಕೆ ಅಧ್ಯಕ್ಷರು ನೀವಂತೆ, ಕಾರಿನ ಮೇಲೆ ಕೆಂಪು ಅಕ್ಷರದ ಫಲಕವಂತೆ. ಅಲ್ಲ ಕಣೋ, ಬೀಗದಲ್ಲಿ ಅಧ್ಯಯನ ಮಾಡುವುದು ಏನಿದೆ? ಹಾಕಿದರೆ ಮುಚ್ಚುತ್ತದೆ, ತೆಗೆದರೆ ತೆರೆಯುತ್ತದೆ. ಇದನ್ನು ತಿಳಿಯಲು ನೀವು ಯಾವ ಯಾವ ದೇಶ ಸುತ್ತಬೇಕು? ನಮ್ಮ ಮೂಗಿಗೆ ತುಪ್ಪ ಸವರಿ, ನೀನು ಕೈಗೆ ಬೆಣ್ಣೆ ಮೆತ್ತಿಕೊಂಡೆ. ನಿಮ್ಮ ಪಕ್ಷದ ಮುಖಂಡರು ಗದರಿಸಿರಬಹುದು, ಟಿಕೆಟ್ ಕೊಡುವುದಿಲ್ಲ ಎಂದಿರಬಹುದು. ಹೆದರಿದೆ ಎಂದು ಹೇಳಿದ್ದರೆ ನನಗೆ ಅರ್ಥವಾಗುತ್ತಿತ್ತು. ಕತ್ತಲೆಂದರೆ ಹೆದರಿ ನನ್ನ ಸೆರಗು ಹಿಡಿದು ಮಲಗುತ್ತಿದ್ದವನು ನೀನು, ನಿನ್ನ ಹೆದರಿಕೆ ನನಗೆ ಹೊಸದಲ್ಲ. ಹೆದರಿಕೆಗೆ ಹೂವಿನ ಹಾರ ಹಾಕಿಸಿಕೊಂಡು ಬಂದೆಯಲ್ಲ, ಅದು ಹೊಸದು.

ಮನೆಗೆ ಬಂದರೆ ಮಗಳು ಬಾಗಿಲಲ್ಲೇ ನಿಂತಿದ್ದಳು. ಕಲಮು ಬಿದ್ದುಹೋದದ್ದು ಅವರ ತಂಡಕ್ಕೆಲ್ಲ ಗೊತ್ತಾಗಿತ್ತು. ನಮ್ಮ ಮಾವ ಇದ್ದಾರೆ, ಬೀಗ ಬಂದೇ ಬರುತ್ತೆ ಎಂದು ಅವಳು ಅಲ್ಲಿ ಊರಿಗೆ ಮುಂಚೆ ಸಾರಿದ್ದಳಂತೆ. ಈಗ ಎಲ್ಲರೂ ಅವಳ ಮುಖ ನೋಡುತ್ತಾರೆ. ಅವಳು ನನ್ನನ್ನು ಕೇಳಿದ್ದು ಒಂದೇ ಮಾತು: ಅಮ್ಮ, ಮಾವ ಹೌದು ಅಂದ್ರಾ, ಇಲ್ಲ ಅಂದ್ರಾ? ಗದ್ದಲದಲ್ಲಿ ಏನೂ ಕೇಳಿಸಲಿಲ್ಲ ಎಂದುಬಿಟ್ಟೆ. ನಿನ್ನ ಮಾನ ಉಳಿಸಲು ನಾನು ಸುಳ್ಳು ಹೇಳಬೇಕಾಯಿತು ನೋಡು.

ಆದರೆ ಬಸ್ ನಿಲ್ದಾಣಕ್ಕೆ ಹೋಗುವ ಮುಂಚೆ ನಾನು ಸದನದ ಕಚೇರಿಗೆ ಹೋಗಿದ್ದೆ. ಅಲ್ಲಿನ ಗುಮಾಸ್ತೆಯನ್ನು ಕೇಳಿದೆ. ಬರುವ ಸೋಮವಾರ ಇಡೀ ಮಸೂದೆ ಕೊನೆಯ ಸಲ ಮತಕ್ಕೆ ಬರುತ್ತದಂತೆ. ಬಿಟ್ಟ ಕಲಮನ್ನು ವಾಪಸ್ ಸೇರಿಸಿ ಎಂದು ಯಾವ ಸದಸ್ಯನಾದರೂ ಎದ್ದು ಕೇಳಬಹುದಂತೆ. ಕೂಗಿನ ಮತ ಬೇಡ, ಹೆಸರು ಹಿಡಿದು ಎಣಿಸಿ ಎಂದೂ ಕೇಳಬಹುದಂತೆ. ಒಬ್ಬರು ಎದ್ದು ನಿಂತರೆ ಸಾಕು, ಎಣಿಸಲೇಬೇಕು ಎಂದಳು. ಗೆಲ್ಲುತ್ತೀಯ ಎಂದು ನಾನು ಹೇಳುವುದಿಲ್ಲ. ನಿಮ್ಮವರು ನಿನ್ನನ್ನು ಸುಮ್ಮನೆ ಬಿಡುತ್ತಾರೆ ಎಂದೂ ಹೇಳುವುದಿಲ್ಲ. ಬುಧವಾರ ನಾನು ಎದ್ದು ನಿಂತೆ, ಬಾಯಿ ಬಿಡಬಾರದು ಎಂದಿದ್ದಿರಿ, ಬಿಡಲಿಲ್ಲ. ನಿನಗೆ ಬಾಯಿ ಬಿಡುವ ಹಕ್ಕಿದೆ. ಮೀಸೆಯ ಮೀನಿಗಾಗಿ ಎದ್ದು ನಿಂತವನಿಗೆ ಅಕ್ಕನ ಮಗಳಿಗಾಗಿ ಒಂದು ಸಲ ಎದ್ದು ನಿಲ್ಲಲು ಕಾಲು ನೋಯುತ್ತದೆಯೇ?

ಸೋಮವಾರ ನೀನು ಸದನದೊಳಗೆ ಕೂರುವ ಹೊತ್ತಿಗೆ ಅವಳು ಎಲ್ಲೋ ಒಂದು ಕಂಬದ ಮೇಲಿರುತ್ತಾಳೆ. ಅದನ್ನೊಂದು ನೆನಪಿಟ್ಟುಕೋ. ಇನ್ನು ಬರೆದರೆ ಬೈಗುಳ ಬರುತ್ತದೆ. ಹೊತ್ತಿಗೆ ಸರಿಯಾಗಿ ಉಣ್ಣು, ಮಾತ್ರೆ ಮರೆಯಬೇಡ.

ಇಷ್ಟಾದರೂ ನಿನ್ನವಳೇ ಆದ,
ಅಕ್ಕ

ತಾ.ಕ.: ಗೌರವಪತ್ರ ವಾಪಸ್ ಕಳಿಸಿದ್ದೇನೆ, ಬೀಗ ಬಂದ ದಿನ ನೀನೇ ತಂದು ಕೊಡು. ಅಂಚೆಯವರನ್ನು ನಂಬದೆ ಅದನ್ನೂ ಈ ಪತ್ರವನ್ನೂ ಮಗಳ ಕೈಯಲ್ಲೇ ಕೊಟ್ಟಿದ್ದೇನೆ, ಭಾನುವಾರ ಅವಳಿಗೆ ರಜೆ. ಲಕೋಟೆಯ ಬಾಯಿಗೆ ಯಂತ್ರದ ಹೊಲಿಗೆ ಹಾಕಿರುವುದರಿಂದ ಅವಳು ಇದನ್ನು ಓದಿಲ್ಲ. ನೀನು ಇಷ್ಟು ಹೊತ್ತೂ ಓದುತ್ತಿರುವಾಗ ನಿನ್ನ ಎದುರಿಗೇ ನಿಂತಿದ್ದಾಳೆ, ಕೂರಲು ಹೇಳು. ಸೋಮವಾರ ಎದ್ದು ನಿಲ್ತೀರಾ ಮಾವ ಎಂದು ಕೇಳು ಅಂತಷ್ಟೇ ಹೇಳಿ ಕಳಿಸಿದ್ದೇನೆ. ಉತ್ತರ ಕೊಡುವಾಗ ಜೋಪಾನ. ನಿನ್ನ ಎರಡು ಹೌದುಗಳಲ್ಲಿ ಯಾವುದು ಗಿಡ್ಡ, ಯಾವುದು ಉದ್ದ ಎಂದು ಅವಳಿಗೂ ಚಿಕ್ಕಂದಿನಿಂದ ಗೊತ್ತು.