ಇಬ್ಬರು ವಿಧವೆಯರು, ಒಂದು ಮೈಕು

ಆಗಸ್ಟ್ 4, ಸೋಮವಾರ

ಎವೇಲಿಯೊ ಸರ್ದೀನ್ಯಾಸ್ ಎಂಬ ಹೆಸರಿನ, ಕ್ಯೂಬಾದ ಚುರುಟು ಕಾರ್ಖಾನೆಯಲ್ಲಿ ಕೆಲಸಗಾರರಿಗೆ ಪುಸ್ತಕ ಓದಿ ಹೇಳುವ ಅಧಿಕೃತ ವಾಚಕನಾದ ನಾನು ಯಾರ ಒತ್ತಾಯವೂ ಇಲ್ಲದೆ, ಸ್ವಸ್ಥಚಿತ್ತನಾಗಿ ಒಪ್ಪಿಕೊಳ್ಳುವುದೇನೆಂದರೆ — ಇಂದು ಬೆಳಗ್ಗೆ ಎಲ್ಲರ ಕಣ್ಣೆದುರೇ ಹಿಮ ಕದ್ದೆ. ಒಂದೂವರೆ ಪುಟದಷ್ಟು. ಜಪಾನಿ ಕಾದಂಬರಿಯದು. ಕರೆಂಟಿಲ್ಲ, ಫ್ಯಾನ್ ನಿಂತಿದೆ, ನನ್ನ ಬೆವರು ಪುಟದ ಮೇಲೆ ತೊಟ್ಟಿಕ್ಕುತ್ತಿದೆ, ಆ ಹಿಮವೋ ಬೀಳುತ್ತಲೇ ಇದೆ... ಓದದೆ ಹಾರಿಸಿಬಿಟ್ಟೆ.

ಸಿಕ್ಕಿಬಿದ್ದೆ. ಚುರುಟು ಸುತ್ತುವವರ ಕೈ ಎಲೆಯ ಮೇಲಿದ್ದರೂ ಕಿವಿ ಸದಾ ನನ್ನ ಮೇಲೆ. ಮೊದಲ ಸಾಲಿನ ಬಲ್ದೊಮೇರೊ ತಲೆ ಎತ್ತದೆಯೇ ಕೇಳಿದ:

“ಮೇಷ್ಟ್ರೇ, ಆ ಯಮ್ಮ ಈಗ್ತಾನೆ ಒಲೆ ಮುಂದೆ ಕೂತಿದ್ಲು. ಅಷ್ಟರಲ್ಲಿ ಸ್ಮಶಾನಕ್ಕೆ ಹೇಗೆ ಹೋದ್ಲು? ಬಸ್ ಸಿಕ್ತಾ?”

ಹಿಂದಕ್ಕೆ ಹೋಗಿ ಇಡೀ ಹಿಮ ಓದಿದೆ. ಹಿಮ ಕಂಡವರು ಇಲ್ಲಿ ಯಾರೂ ಇಲ್ಲ. ಫ್ರೀಜರ್ ಕೆರೆದಾಗ ಬರುವುದೇ ಅದು ಎಂದು ಸಭೆ ತೀರ್ಮಾನಿಸಿತು. ಮೂವತ್ತು ವರ್ಷ ಇಂಥವರಿಗೆ ಓದಿದ್ದೇನೆ. ಎಲೆ ಮಗುಚುವುದು ಅವರ ಕೆಲಸ, ಹಾಳೆ ಮಗುಚುವುದು ನನ್ನದು. ಬಡ್ತಿ ಮಾತ್ರ ಇಲ್ಲ — ವಾಚಕನಿಗೆ ಬಡ್ತಿ ಕೊಟ್ಟರೆ ವಾಚಾಳಿ ಆಗುತ್ತಾನೆ ಅಷ್ಟೆ.

ಆಗಸ್ಟ್ 6

ನನ್ನ ಯೋಜನೆ, ನನ್ನದೇ. ಬೆಳಗ್ಗೆ ಜಪಾನಿ ಕಾದಂಬರಿಯ ವಿಧವೆ, ಮಧ್ಯಾಹ್ನ ಬ್ರೆಜಿಲಿನ ಕಾದಂಬರಿಯ ವಿಧವೆ. ಇಬ್ಬರ ಗಂಡಂದಿರೂ ಮೂರನೇ ಅಧ್ಯಾಯಕ್ಕೇ ಹೋಗಿಬಿಟ್ಟರು. ಒಬ್ಬಳು ಅಳುವುದೇ ಇಲ್ಲ, ಇನ್ನೊಬ್ಬಳು ನಿಲ್ಲಿಸುವುದೇ ಇಲ್ಲ. ಇಬ್ಬರನ್ನೂ ಪಕ್ಕಪಕ್ಕ ಕೂರಿಸಿದರೆ ಎರಡು ದೇಶ ಅರ್ಥವಾಗುತ್ತವೆ; ಜೊತೆಗೆ ಮೂರನೆಯದು, ನಮ್ಮದೂ. ಇದಕ್ಕೆ ತೌಲನಿಕ ಓದು ಎನ್ನುತ್ತಾರೆ ಎಂದು ಮೈಕಿನಲ್ಲಿ ಘೋಷಿಸಿದೆ.

“ಹಂಗಂದ್ರೇನು?” — ಕಿಟಕಿ ಪಕ್ಕದ ಎರ್ಮೀನಿಯಾ. ಸ್ವತಃ ವಿಧವೆ. ಅವಳ ದನಿಗೆ ಮೈಕ್ ಬೇಡ.

“ಒಂದರ ಪಕ್ಕ ಒಂದಿಟ್ಟು ತೂಗೋದು, ಅಕ್ಕಾ.”

“ತೂಗಿ ಆಯ್ತು ಬಿಡಿ. ಜಪಾನಿನೋಳು ಕಲ್ಲು. ಗಂಡ ಸತ್ತು ಆರು ತಿಂಗ್ಳಾದ್ರೂ ಒಂದು ಹನಿ ಕಣ್ಣೀರಿಲ್ಲ. ನಮ್ಮನೆಯೋರು ರೋಕೆ ಹೋದಾಗ ನಾನು ಅತ್ತಿದ್ದು ರೈಲ್ವೆ ಸ್ಟೇಷನ್‌ಗೆ ಕೇಳಿಸ್ತಿತ್ತು.”

“ಹೌದಾ? ರೈಲು ಅವತ್ತು ನಿಲ್ಲದೇ ಓಡಿಹೋಗಿದ್ದು ಅದಕ್ಕೇನಾ?” — ಬಲ್ದೊಮೇರೊ.

ಓದು ಹಿಡಿಸಿದರೆ ಎಲೆ ಕತ್ತರಿಸುವ ಚಾಕುವಿನಿಂದ ಹಲಗೆ ಬಡಿಯುತ್ತಾರೆ. ಹಿಡಿಸದಿದ್ದರೆ ಚಾಕು ನೆಲಕ್ಕೆ. ಎರ್ಮೀನಿಯಾಳ ಚಾಕು ನೆಲಕ್ಕೆ ಬಿತ್ತು. ಹಿಂದೆಯೇ ಇನ್ನೂ ಹತ್ತಿಪ್ಪತ್ತು. ಕಸಾಯಿಖಾನೆಯ ಗೌಜು.

ಆಗಸ್ಟ್ 7

ಓದು ಸಮಿತಿಗೆ ಬಲ್ದೊಮೇರೊನೇ ಅಧ್ಯಕ್ಷ. ಮಧ್ಯಾಹ್ನ ಕಾಫಿ ಹೊತ್ತಿಗೆ ಬಂದ.

“ಮೇಷ್ಟ್ರೇ, ಜನ ಪತ್ತೇದಾರಿ ಕೇಳ್ತಿದಾರೆ. ಮೊದಲನೇ ಭಾಗ ಹೋದ ತಿಂಗ್ಳು ಮುಗೀತು, ಹೆಣ ಇನ್ನೂ ಬಾವೀಲೇ ಇದೆ. ಎರಡನೇ ಭಾಗ ಗ್ರಂಥಾಲಯದೋರು ಕಳಿಸ್ಬೇಕಂದ್ರೆ ನಾವು ಬರೆದು ಕೇಳ್ಬೇಕು. ಇಪ್ಪತ್ತೆರಡಕ್ಕೆ ಚೀಟಿ ಹಾಕ್ಸೋಣ. ನಿಮ್ಮ ವಿಧವೆಯರಾ, ನಮ್ಮ ಹೆಣಾನಾ.”

ಪತ್ತೇದಾರಿ! ಮನುಷ್ಯಕುಲವನ್ನು ಅರಿಯುವ ಓದೆಲ್ಲಿ, ಬಾವಿಯಲ್ಲಿ ಇಣುಕುವ ಓದೆಲ್ಲಿ. ಪೀಠದ ಮೇಲೆ ನಿಂತು ಹೇಳಿಯೇಬಿಟ್ಟೆ: ವಿಧವೆಯರು ಸೋತರೆ ನಾನೂ ಇಳಿಯುತ್ತೇನೆ, ಬೇರೆ ವಾಚಕನನ್ನು ಹುಡುಕಿಕೊಳ್ಳಿ. ಹೇಳುವಾಗ ಬಹಳ ಚೆನ್ನಾಗಿತ್ತು. ಮನೆಗೆ ಬರುವ ದಾರಿಯಲ್ಲಿ ಅಷ್ಟು ಚೆನ್ನಾಗಿರಲಿಲ್ಲ. ಈ ಮೈಕ್ ಬಿಟ್ಟರೆ ನನಗೆ ಬೇರೇನೂ ಬರುವುದಿಲ್ಲ.

ಆಗಸ್ಟ್ 15

ಗಂಟಲು ಕಟ್ಟಿ ಇಡೀ ವಾರ ಮಲಗಿದ್ದೆ. ರೇಡಿಯೊ ಹಾಕಿದ್ದರಂತೆ. ಬೇಸ್‌ಬಾಲ್ ಹೊಡೆತದ ವರ್ಣನೆಗೆ ಎಲೆಗಳೇ ಒಣಗಿದವು ಎಂದರು. ಇಷ್ಟು ಸಂತೋಷ ಕೊಟ್ಟ ಕಾಯಿಲೆ ಇನ್ನೊಂದಿಲ್ಲ.

ಆಗಸ್ಟ್ 18

ಇದನ್ನು ಬರೆದಿಡಲೇಬೇಕು.

ಬೆಳಗ್ಗೆ ಓದಿದ್ದು: ಜಪಾನಿನವಳು ಎದ್ದು ಅನ್ನ ಮಾಡುತ್ತಾಳೆ. ಎರಡು ಬಟ್ಟಲಿಗೆ ಬಡಿಸುತ್ತಾಳೆ. ಒಂದು ಗಂಡನ ಪಟದ ಮುಂದೆ. ಕೂರುತ್ತಾಳೆ. ಅಷ್ಟೆ, ಅಧ್ಯಾಯ ಮುಗಿಯಿತು.

ಯಾರೂ ಚಾಕು ಬಡಿಯಲಿಲ್ಲ, ಯಾರೂ ಬೀಳಿಸಲಿಲ್ಲ. ನಾನು ನಿಧಾನವಾಗಿ ಹೇಳಿದೆ: ಬ್ರೆಜಿಲಿನವಳು ಊರು ಕೂಡಿಸಿ ಎದೆ ಬಡಿದುಕೊಂಡದ್ದನ್ನು ಇದರ ಪಕ್ಕ ಇಟ್ಟು ನೋಡಿ. ಅಳು ಒಂದೇ. ಅವಳದು ಬೀದಿಯಲ್ಲಿ, ಇವಳದು ಬಟ್ಟಲಲ್ಲಿ.

ಎರ್ಮೀನಿಯಾಳ ಕೈ ನಿಂತಿತು.

“ಎರಡನೇ ಬಟ್ಲು ಅನ್ನ ಆಮೇಲೆ ಏನಾಯ್ತು?”

“ಪುಸ್ತಕದಲ್ಲಿಲ್ಲ, ಅಕ್ಕಾ.”

“ಬರೆದೋನು ಗಂಡಸು. ಅವನಿಗೆಲ್ಲಿಂದ ಗೊತ್ತಾಗ್ಬೇಕು. ನಾನೂ ದಿನಾ ಎರಡು ಕಪ್ ಕಾಫಿ ಇಡ್ತೀನಿ. ಒಂದು ನಾನು ಕುಡೀತೀನಿ. ಇನ್ನೊಂದು ಆರೋವರೆಗೂ ಕಾದು, ಅದನ್ನೂ ನಾನೇ ಕುಡೀತೀನಿ. ಅವಳೂ ತಿಂದಿರ್ತಾಳೆ, ಪಾಪ. ತಣ್ಣಗಿನ ಅನ್ನ.”

ಎರ್ಮೀನಿಯಾ ಚಾಕು ತೆಗೆದುಕೊಂಡು ಹಲಗೆಗೆ ಒಮ್ಮೆ ಬಡಿದಳು. ಆಮೇಲೆ ಇಡೀ ಹಾಲ್ ಬಡಿಯಿತು. ಮೈಕ್ ಕಂಬ ಅದುರಿತು, ನಾನೂ.

ಆಗಸ್ಟ್ 22, ಸಂಜೆ

ಗೆದ್ದೆ. ವಾಚಕನೂ ಸೇರಿ ಬಿದ್ದ ಚೀಟಿ ಎಪ್ಪತ್ತನಾಲ್ಕು. ವಿಧವೆಯರಿಗೆ ಎಪ್ಪತ್ತಮೂರು! ಇಡೀ ಕ್ಯೂಬಾದಲ್ಲಿ ಇಂಥ ಗೆಲುವು ಕಂಡ ವಾಚಕನಿದ್ದರೆ ಬಂದು ಮಾತಾಡಲಿ. ಹೆಣ ನೋಡಲು ಬಂದವರನ್ನು ಬದುಕು ನೋಡುವವರನ್ನಾಗಿ ಮಾಡಿದೆ. ಕೀಳು ಕುತೂಹಲವನ್ನು ಈ ಹಾಲಿನಿಂದಲೇ ಓಡಿಸಿದೆ. ಭಾಷಣದಲ್ಲೂ ಇದನ್ನೇ ಹೇಳಿದೆ, ಎರಡು ಸಲ.

ಒಂದೇ ಒಂದು ಚೀಟಿ ಪತ್ತೇದಾರಿಗೆ. ಎಲ್ಲರೂ ಕಿಟಕಿ ಪಕ್ಕದ ಎರ್ಮೀನಿಯಾ ಕಡೆ ತಿರುಗಿದರು.

“ನನ್ನನ್ನೇನ್ ನೋಡ್ತೀರ? ನಾನು ಹಾಕಿದ್ದು ನಮ್ಮ ಜಪಾನಿನೋಳಿಗೆ.”

“ಮೊದಲು ಕಲ್ಲು ಅಂದಿದ್ದು ಯಾರಪ್ಪಾ?” ಬಲ್ದೊಮೇರೊ ರಾಗ ಎಳೆದ. ಸಂಜೆವರೆಗೂ ಅದೇ ಕೀಟಲೆ. ಎರ್ಮೀನಿಯಾ ತಿರುಗಿ ಒಂದು ಮಾತೂ ಬೈಯಲಿಲ್ಲ. ಅವಳು ಬೈಯದ ದಿನ ನಾನು ಇದುವರೆಗೆ ಕಂಡಿರಲಿಲ್ಲ. ಹೊರಡುವಾಗ ಪೀಠದ ಹತ್ತಿರ ನಿಂತಳು.

“ಮೇಷ್ಟ್ರೇ, ನೀವಾದ್ರೂ ನಂಬ್ತೀರಾ, ಅದು ನಾನಲ್ಲ ಅಂತ?”

“ನಂಬ್ತೀನಿ, ಅಕ್ಕಾ.”

ನನ್ನಷ್ಟು ಖಂಡಿತವಾಗಿ ಇನ್ಯಾರೂ ನಂಬಲಾರರು. ನಾಳೆ ಹೇಳಿಬಿಡಬೇಕು, ಎಲ್ಲರೆದುರು, ಮೈಕಿನಲ್ಲೇ. ಏನೆಂದು? ಹೇಗೂ ಗೆಲ್ಲುತ್ತೇನೆ, ಒಂದು ಚೀಟಿಯಿಂದ ಏನಾದೀತು ಎಂದುಕೊಂಡೆ, ಬರೆಯುವಾಗ ಕೈ ತಾನಾಗಿ... ಹೋದ ತಿಂಗಳಿಂದ ತಡೆದುಕೊಂಡಿದ್ದೇನೆ, ಆ ಹೆಣವನ್ನು ಬಾವಿಗೆ ತಳ್ಳಿದ್ದು ಡಾಕ್ಟರೋ ಅವನ ಭಾವಮೈದುನನೋ ಗೊತ್ತಾಗದೆ ನನಗೆ ಊಟವೇ —